ಮಡಿಕೇರಿಯ ವಾಕ್ ಚಿಕಿತ್ಸಾ ಕೇಂದ್ರವೊಂದರಲ್ಲಿ ಎಂಟು ತಿಂಗಳು

ಎರಡೂವರೆ ವರ್ಷ ತುಂಬಿದರೂ ನಮ್ಮ ಮಗನ ಬಾಯಲ್ಲಿದ್ದದ್ದು ಏಳೆಂಟು ಪದಗಳು ಮಾತ್ರ. ಎರಡು ವರ್ಷದ ಹೊತ್ತಿಗೆ ಮಕ್ಕಳು ಸುಮಾರು 50 ಪದಗಳನ್ನಾದರೂ ಆಡುತ್ತ, ಎರಡೆರಡು ಪದ ಜೋಡಿಸತೊಡಗಬೇಕೆಂಬುದು ನಮಗೆ ತಿಳಿದಿರಲಿಲ್ಲ. ‘ಅವನಪ್ಪನೂ ತಡವಾಗಿಯೇ ಮಾತು ಕಲಿತದ್ದು’ ಎಂಬ ಹಿರಿಯರ ಸಮಾಧಾನವನ್ನು ನಂಬಿ, ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತ ಆರು ತಿಂಗಳು ಕಳೆದೆವು. ಕೊನೆಗೆ ನಾಪೋಕ್ಲಿನಿಂದ ಮಡಿಕೇರಿಯ ಖಾಸಗಿ ವಾಕ್ ಚಿಕಿತ್ಸಾ ಕೇಂದ್ರವೊಂದಕ್ಕೆ ವಾರಕ್ಕೆರಡು ದಿನ ಹೋಗತೊಡಗಿದೆವು.

ಚಿಕಿತ್ಸೆ ಆರಂಭಿಸುವ ಮೊದಲು ಶ್ರವಣ ಪರೀಕ್ಷೆ ಮಾಡಿಸಿಕೊಂಡು ಬರಲೇಬೇಕೆಂದು ಅವರು ಹೇಳಿದ್ದು ಮೆಚ್ಚಬೇಕಾದ ಸಂಗತಿ. ಕರೆದರೆ ತಿರುಗಿ ನೋಡುವ ಮಗುವಿನ ಕಿವಿಗೇನಾಗಿದೆ ಎಂದು ನಾನು ವಾದಿಸಿದೆ. ಆದರೆ ಶೀತ ಬಿಡದ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಂತು, ಕರೆದದ್ದು ಕೇಳಿಸಿದರೂ ಮಾತಿನ ಸೂಕ್ಷ್ಮ ಧ್ವನಿಗಳು ಮಂಕಾಗಬಹುದೆಂದು ಚಿಕಿತ್ಸಕಿ ವಿವರಿಸಿದಾಗ, ನಮ್ಮ ಮಳೆಗಾಲವನ್ನು ನೆನೆದು ಸುಮ್ಮನಾದೆ. ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆವು. ಕಿವಿ ಸರಿಯಾಗಿತ್ತು.

ಈ ಕೇಂದ್ರದ ನಿಜವಾದ ಹೆಚ್ಚುಗಾರಿಕೆ ಮನೆಮಾತಿನ ವಿಷಯದಲ್ಲಿ ಅವರು ತಳೆದ ನಿಲುವು. ನಮ್ಮ ಮನೆಯೊಳಗೆ ಕೊಡವ ತಕ್ಕ್, ತೋಟದ ಕಣದಲ್ಲಿ ಕನ್ನಡ. ಎರಡು ಭಾಷೆಗಳ ಗೊಂದಲದಿಂದಲೇ ಮಗು ಮಾತನಾಡುತ್ತಿಲ್ಲ, ಒಂದನ್ನು ನಿಲ್ಲಿಸಿ ಎಂದು ಉಪದೇಶಿಸದವರಿರಲಿಲ್ಲ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲವೆಂದು ಚಿಕಿತ್ಸಕಿ ಸ್ಪಷ್ಟವಾಗಿ ಹೇಳಿ, ಮಗು ಆಡುವ ಪದಗಳ ಪಟ್ಟಿಯನ್ನು ನಮ್ಮಿಂದಲೇ ಬರೆಸಿಕೊಂಡರು. ಅನ್ನಕ್ಕೆ ಅವನು ‘ಕೂಳ್’ ಎನ್ನುತ್ತಾನೆ. ನಮ್ಮಲ್ಲಿ ಅದು ಸಹಜ ಪದವಾದರೂ ಕನ್ನಡದ ಕಿವಿಗೆ ಒರಟು. ಬಯಲುಸೀಮೆಯವರಾದ ಅವರು ಅದನ್ನು ತಿದ್ದಲು ಹೋಗಲಿಲ್ಲ, ಮುಂದಿನ ವಾರ ತಾವೂ ಆಟದ ಬಟ್ಟಲು ಹಿಡಿದು ‘ಕೂಳ್’ ಎಂದೇ ಕೇಳಿದರು.

45 ನಿಮಿಷದ ಪ್ರತಿ ತರಗತಿಯಲ್ಲೂ ಹೆತ್ತವರು ಒಳಗೇ ಕೂರಬೇಕು, ಏಕೆಂದರೆ ಪಾಠದ ಅರ್ಧ ಭಾಗ ನಮಗೇ. ‘ಇದೇನು ಹೇಳು, ಹೇಳು’ ಎಂದು ಪೀಡಿಸುವುದನ್ನು ಬಿಡಿಸಿದರು. ಚೆಂಡನ್ನು ಕೈಯಲ್ಲೇ ಹಿಡಿದು, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಮಗುವಿನ ಮುಖ ನೋಡುತ್ತ ಕಾಯುವುದು, ಅವನು ‘ಚೆಂಡು’ ಎಂದರೆ ‘ಕೆಂಪು ಚೆಂಡು’ ಎಂದು ಒಂದು ಪದ ಸೇರಿಸಿ ಮರಳಿಸುವುದು: ಕೇಳಲು ಇಷ್ಟೇ, ಆದರೆ ಆ ಹತ್ತು ಎಣಿಸುವುದು ನನಗೆ ಬಹಳ ಕಷ್ಟವಾಯಿತು.

ಕೊರತೆಗಳೂ ಇವೆ. ಚಿತ್ರಕಾರ್ಡುಗಳೆಲ್ಲ ಹೊರಗಿನವು; ರೈಲು ಮಾರ್ಗವೇ ಇಲ್ಲದ ಜಿಲ್ಲೆಯ ಮಗುವಿಗೆ ರೈಲಿನ ಚಿತ್ರ ತೋರಿಸಿ ಹೆಸರು ಕೇಳಿದರೆ ಅವನೇನು ಹೇಳಿಯಾನು? ಕಾಫಿ, ಏಲಕ್ಕಿ, ಆನೆಗಳ ಫೋಟೊಗಳನ್ನು ನಾವೇ ಅಂಟಿಸಿಕೊಂಡು ಹೋದೆವು. ರಜೆಯಲ್ಲಿದ್ದ ಚಿಕಿತ್ಸಕಿಯ ಬದಲಿಗೆ ಬಂದವರು ಎರಡು ವಾರ ಪೀಪಿ ಊದಿಸಿ, ಮೇಣದಬತ್ತಿ ಆರಿಸಿಯೇ ಕಳೆದರು. ಊದುವ ಅಭ್ಯಾಸದಿಂದ ಮಾತು ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಜುಲೈ ಮಳೆಗೆ ಬರಲಾಗದ ದಿನಗಳ ಶುಲ್ಕವನ್ನೂ ಹಿಡಿದುಕೊಂಡದ್ದು ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಿ ಪಾಠ ಮಾಡುತ್ತೇವೆಂದರು, ಆದರೆ ಕರೆಂಟು ಹೋದರೆ ನೆಟ್‌ವರ್ಕೂ ಇಲ್ಲದ ನಮ್ಮೂರಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಈಗ ಅವನು ಮೂರು ಪದಗಳ ವಾಕ್ಯ ಆಡುತ್ತಾನೆ. ‘ರ’ಕಾರ ಇನ್ನೂ ‘ಲ’ ಆಗಿಯೇ ಇದೆ. ಈ ವಯಸ್ಸಿಗೆ ಅದಕ್ಕೆ ಅವಸರ ಬೇಡವೆಂದು ಹೇಳಿ, ಮುಂದಿನ ತಿಂಗಳಿನಿಂದ ವಾರಕ್ಕೊಂದೇ ದಿನ ಬಂದರೆ ಸಾಕೆಂದು ಕೇಂದ್ರದವರೇ ತರಗತಿಗಳನ್ನು ಇಳಿಸಿದ್ದಾರೆ.