ಒಂಟಿ ಮನೆಗೆ ಎರಡು ಗುಂಡಿ ಟಾಯ್ಲೆಟ್: ಮಲ್ನಾಡ್ ಮಳೆಗೆ ತಡೀತಾ ಅಂತ ಕೇಳಿದೋರಿಗೆ

ತೀರ್ಥಹಳ್ಳಿ ಕಡೆ ನಮ್ಮ ಮನೇಲಿ ಸಿಮೆಂಟ್ ರಿಂಗ್ ಇಳಿಸಿ ಕಟ್ಸಿರೋ ಎರಡು ಗುಂಡಿ ಟಾಯ್ಲೆಟ್ ಇದೆ. ಹೊಸದಾಗಿ ಮನೆ ಕಟ್ಸೋರು, ಹಳೇದು ರಿಪೇರಿ ಮಾಡ್ಸೋರು ಎಲ್ಲ ಕೇಳ್ತಾನೇ ಇರ್ತಾರೆ, ಸೆಪ್ಟಿಕ್ ಟ್ಯಾಂಕ್ ಮಾಡ್ಸೋದಾ ಇದೇ ಸಾಕಾ ಅಂತ. ತೋಟದ ಮಧ್ಯೆ ಒಂಟಿ ಮನೆ ಇರೋರಿಗೆ ಇದೇ ಸರಿ, ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಆದ್ರೆ ಬಯಲುಸೀಮೇಲಿ ಕಟ್ಟೋ ಥರಾನೇ ಇಲ್ಲೂ ಕಟ್ಟಿದ್ರೆ ಮೊದಲ ಮಳೆಗಾಲದಲ್ಲೇ ತೊಂದ್ರೆ ಶುರುವಾಗುತ್ತೆ.

ಬೇಸಿನ್‌ನಿಂದ ಪೈಪು ಒಂದು ಸಣ್ಣ ಚೇಂಬರಿಗೆ ಬರುತ್ತೆ, ಅಲ್ಲಿಂದ ಎರಡು ಗುಂಡಿಗೆ ಎರಡು ದಾರಿ, ಒಂದರ ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಮುಚ್ಚಿರ್ತಾರೆ. ಒಂದು ಸಲಕ್ಕೆ ಒಂದೇ ಗುಂಡಿ, ಅದು ತುಂಬಿದ್ಮೇಲೆ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದು ಕೊಳೆತು ಗೊಬ್ಬರ ಆಗೋಕೆ ಬಿಡೋದು. ಕೆಲವು ಮೇಸ್ತ್ರಿಗಳು ಎರಡಕ್ಕೂ ಒಟ್ಟಿಗೇ ಬಿಟ್ಟುಬಿಡ್ತಾರೆ, ಹಾಗ್ ಮಾಡಿದ್ರೆ ಎರಡು ಗುಂಡಿ ತೋಡಿದ್ದೇ ದಂಡ, ನಿಂತು ನೋಡಿ ಕೆಲಸ ಮಾಡ್ಸಿ. ರಿಂಗಿಗೆ ತೂತು ಇರುತ್ತೆ, ತಳಕ್ಕೆ ಕಾಂಕ್ರೀಟ್ ಹಾಕಲ್ಲ, ನೀರೂ ಗ್ಯಾಸೂ ಮಣ್ಣಿಗೇ ಹೋಗುತ್ತೆ, ಹಂಗಾಗಿ ಮೇಲಕ್ಕೆ ಗ್ಯಾಸ್ ಪೈಪ್ ಕೂಡ ಬೇಡ. ಐದಾರು ಜನ ಇರೋ ಮನೆಗೆ ಸುಮಾರು 1 ಮೀಟರ್ ಅಗಲ, ಅದಕ್ಕಿಂತ ಸ್ವಲ್ಪ ಜಾಸ್ತಿ ಆಳ ಇದ್ರೆ ಒಂದೊಂದು ಗುಂಡಿ ಮೂರು ವರ್ಷದ ಹತ್ರ ಬರುತ್ತೆ.

ಇಷ್ಟು ಚಿಕ್ಕ ಗುಂಡಿ ನೋಡಿದ ಕೂಡ್ಲೇ ಜನಕ್ಕೆ ಭಯ, ಬೇಗ ತುಂಬಿದ್ರೆ ಯಾರು ತೆಗೀತಾರೆ ಅಂತ. ಆ ಭಯಕ್ಕೆ ಜೆಸಿಬಿ ತರಿಸಿ ಹತ್ತು ಹನ್ನೆರಡು ಅಡಿ ತೋಡ್ಸೋರಿದಾರೆ, ಆಳಕ್ಕೆ ಹೋದಷ್ಟೂ ಬಾವಿ ನೀರಿಗೆ ಹತ್ರ ಆಗುತ್ತೆ ಅನ್ನೋದು ಯೋಚನೆ ಮಾಡಲ್ಲ. ಇನ್ನು ಕೆಲವು ಮನೇಲಿ ಟಾಯ್ಲೆಟ್ ಹೆಂಗಸರಿಗೆ, ನೆಂಟರಿಗೆ ಮಾತ್ರ, ಗಂಡಸರು ಈಗ್ಲೂ ತೋಟದ ಕಡೆ ಹಳ್ಳದ ಕಡೆ. 2019ರ ಅಕ್ಟೋಬರ್ 2ಕ್ಕೆ ದೇಶದ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಅಂತ ಘೋಷಣೆ ಆಯ್ತು, ನಿಜ, ಆದ್ರೆ ಮನೇಲಿ ಒಬ್ರು ಹೊರಗೆ ಹೋದ್ರೂ ನಮ್ಮ ಮಳೆಗೆ ಎಲ್ಲ ತೊಳೆದು ಹಳ್ಳಕ್ಕೇ ಬರೋದು, ಕೆಳಗಿನ ಮನೆಯೋರು ಬಟ್ಟೆ ಒಗೆಯೋದು ದನಕ್ಕೆ ನೀರು ಕುಡಿಸೋದು ಅದೇ ಹಳ್ಳದಲ್ಲಿ.

ನಮ್ಮ ಮೊದಲನೇ ಗುಂಡಿ ತುಂಬಿದ್ಮೇಲೆ ಇಟ್ಟಿಗೆ ಈ ಕಡೆಯಿಂದ ಆ ಕಡೆಗೆ ಬದಲಾಯಿಸಿ ಅದನ್ನ ಮುಚ್ಚಿಟ್ವಿ. ಒಂದು ವರ್ಷ ಸಾಕು ಅಂತ ಹೇಳೋರಿದಾರೆ, ನಮ್ಮ ಕಡೆ ತೇವ ಜಾಸ್ತಿ, ಜಂತುಹುಳದ ಮೊಟ್ಟೆ ಬೇಗ ಸಾಯಲ್ಲ, ಅದಕ್ಕೆ ಎರಡು ವರ್ಷ ಬಿಟ್ಟು ಬೇಸಿಗೇಲಿ ತೆಗೆದ್ವಿ. ಚಪ್ಪಡಿ ಸರಿಸಿದಾಗ ಮನೆಯೋರೆಲ್ಲ ಮೂಗು ಮುಚ್ಕೊಂಡು ದೂರ ನಿಂತಿದ್ರು. ಒಳಗೆ ನೋಡಿದ್ರೆ ಅರ್ಧಕ್ಕೆ ಇಳಿದು ಹೋಗಿರೋ ಕಪ್ಪು ಮಣ್ಣು, ಅಡಿಕೆ ಬುಡಕ್ಕೆ ಹಾಕೋ ಗೊಬ್ಬರದ ಥರ ಉದುರು ಉದುರು, ಸಲಿಕೆಗೆ ಎರೆಹುಳ ಬಂತು, ವಾಸನೆ ಎಂತದೂ ಇಲ್ಲ. ನಮ್ಮತ್ತೆ ಹತ್ರ ಬಂದು ಬಗ್ಗಿ ನೋಡಿ "ಇಷ್ಟೇಯಾ" ಅಂದ್ರು. ಗ್ಲೌಸ್ ಹಾಕ್ಕೊಂಡು ತೆಗೆದು ಬಾಳೆ ಬುಡಕ್ಕೆ ಹಾಕಿದ್ವಿ, ತರಕಾರಿ ಮಡಿಗೆ ಹಾಕ್ಲಿಲ್ಲ.

ಇನ್ನು ಮಳೆಗಾಲ. ಆರಿದ್ರಾ ಪುನರ್ವಸು ಮಳೆ ಹಿಡಿದ್ರೆ ನಮ್ಮಲ್ಲಿ ಧರೆ (ಗುಡ್ಡ ಕಡಿದ ದಿಣ್ಣೆ) ಬುಡದಲ್ಲೆಲ್ಲ ಜಲ ಒಡೆಯುತ್ತೆ, ಬಾವಿ ನೀರು ಕೈಗೆ ಸಿಗೋಷ್ಟು ಮೇಲೆ ಬರುತ್ತೆ. ಗುಂಡಿ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ 2 ಮೀಟರ್ ಅಂತರ ಇರ್ಬೇಕು. ನಿಮ್ಮ ಬಾವಿಯಲ್ಲಿ ಆಗಸ್ಟ್ ತಿಂಗಳಲ್ಲಿ ನೀರು ಎಷ್ಟು ಅಡಿಗೆ ನಿಲ್ಲುತ್ತೆ ನೋಡಿ, ಅದೇ ಲೆಕ್ಕ. ಅಂತರ ಸಿಗ್ಲಿಲ್ಲ ಅಂದ್ರೆ ಗುಂಡಿ ನೆಲದಿಂದ ಮೇಲಕ್ಕೆ ಎತ್ತಿ ಸುತ್ತ ಮಣ್ಣು ಏರಿಸಿ ಕಟ್ಬೇಕು, ಆಗ ಟಾಯ್ಲೆಟ್ ನೆಲಾನೂ ಎತ್ತರ ಮಾಡ್ಬೇಕಾಗುತ್ತೆ. ನಮ್ಮ ಮೇಸ್ತ್ರಿ ರಿಂಗ್ ಕೆಲಸ ನೀಟಾಗಿ ಮಾಡಿದ್ರು, ಆದ್ರೆ ಮೆಟ್ಟಿಲು ಎತ್ತರ ಇಟ್ಟು ಹಿಡ್ಕೊಳ್ಳೋಕೆ ಏನೂ ಹಾಕ್ಲಿಲ್ಲ, ಮಂಡಿ ನೋವಿರೋ ಅತ್ತೆಗೆ ಕಷ್ಟ ಆಯ್ತು, ಆಮೇಲೆ ನಾವೇ ಕಬ್ಬಿಣದ ಪೈಪ್ ಹಾಕಿಸ್ಬೇಕಾಯ್ತು. ಅರ್ಧ ಸ್ಟಾರ್ ಕಟ್ ಮಾಡಿದ್ದು ಅದಕ್ಕೇ. ಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಜಾಗ ಇದ್ರೆ 15, ಮತ್ತೆ ಬಾವಿಗಿಂತ ತಗ್ಗಿನ ಕಡೇಲೇ ಇರ್ಬೇಕು, ಜಂಬಿಟ್ಟಿಗೆ ಮಣ್ಣಲ್ಲಿ ನೀರು ಬೇಗ ಹರಿಯುತ್ತೆ ಮಾರಾಯ್ರೆ, ಇದರಲ್ಲಿ ಮಾತ್ರ ರಾಜಿ ಮಾಡ್ಕೋಬೇಡಿ. ಬಚ್ಚಲು ನೀರು ಈ ಗುಂಡಿಗೆ ಬಿಡ್ಬೇಡಿ, ಆಸಿಡ್ಡು ಫಿನಾಯ್ಲು ಸುರೀಬೇಡಿ, ಕೊಳೆಸೋ ಕ್ರಿಮಿ ಸತ್ತು ಹೋಗುತ್ತೆ.

ಬೇಸಿನ್ ತಗೊಳೋವಾಗ ಅಂಗಡೀಲಿ ಪೇಟೆ ಮನೆಗೆ ಹಾಕೋದನ್ನೇ ತೋರಿಸ್ತಾರೆ, ಬೇಡ ಅನ್ನಿ, ಜಾಸ್ತಿ ಇಳಿಜಾರು ಇರೋ ರೂರಲ್ ಪ್ಯಾನ್ ಕೇಳಿ. ಅದರ ಇಳಿಜಾರು 25ರಿಂದ 28 ಡಿಗ್ರಿ ಇರುತ್ತೆ, ಒಂದೂವರೆ ಎರಡು ಲೀಟರ್ ನೀರಿಗೆ ಎಲ್ಲ ಹೋಗುತ್ತೆ. ಏಪ್ರಿಲ್ ಮೇನಲ್ಲಿ ಬಾವಿ ತಳ ಕಂಡಾಗ ಇದರ ಬೆಲೆ ಗೊತ್ತಾಗುತ್ತೆ.

ಸೆಪ್ಟಿಕ್ ಟ್ಯಾಂಕ್ ಕೆಟ್ಟದ್ದು ಅಂತಲ್ಲ. ಖರ್ಚು ಜಾಸ್ತಿ, ಅದರಿಂದ ಹೊರಗೆ ಬರೋ ನೀರಿಗೆ ಬೇರೆ ಇಂಗುಗುಂಡಿ ಬೇಕು, ಸುಮಾರು ಜನ ಅದನ್ನ ಮಾಡ್ಸದೇ ಚರಂಡಿಗೆ ಬಿಟ್ಟಿರ್ತಾರೆ. ತುಂಬಿದಾಗ ಸಕ್ಕಿಂಗ್ ಗಾಡಿ ಬರ್ಬೇಕು, ನಮ್ಮ ಮಣ್ಣು ರಸ್ತೆಗೆ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಅದು ಎಲ್ಲಿಂದ ಬರುತ್ತೆ? ಆಗ ಯಾರನ್ನೋ ಬಡವರನ್ನ ಕರೆದು ಒಳಗೆ ಇಳಿಸ್ತಾರೆ. ರಕ್ಷಣೆ ಸಲಕರಣೆ ಇಲ್ದೆ ಹಾಗೆ ಇಳಿಸೋದು ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧ, ಒಳಗಿನ ಗ್ಯಾಸಿಗೆ ಜೀವ ಹೋಗುತ್ತೆ.

ದುಡ್ಡಿನ ವಿಷಯ, ಸ್ವಚ್ಛ ಭಾರತದಲ್ಲಿ 12,000 ರೂಪಾಯಿ ಸಹಾಯಧನ ಇದೆ, ಬಿಪಿಎಲ್‌ನೋರಿಗಷ್ಟೇ ಅಲ್ಲ, ಸಣ್ಣ ಹಿಡುವಳಿದಾರರು, ಹೆಂಗಸರೇ ಮನೆ ನಡೆಸೋರು, ಅಂಗವಿಕಲರು ಇರೋ ಮನೆಗೂ ಬರುತ್ತೆ. ಪಂಚಾಯ್ತಿ ಪಿಡಿಓ ಹತ್ರ ಕೇಳಿ, ಅರ್ಜಿ ಹಾಕದೇ ಕಟ್ಟಿಸಿಬಿಟ್ಟು ಆಮೇಲೆ ಓಡಾಡೋದು ಬೇಡ. ಅಷ್ಟರಲ್ಲಿ ಪೂರ್ತಿ ಕೆಲಸ ಮುಗಿಯಲ್ಲ, ಗೋಡೆಗೆ ಟೈಲ್ಸ್ ಬಿಟ್ಟು ಗುಂಡಿಗೆ, ಬೇಸಿನ್ನಿಗೆ ಮೊದಲು ಖರ್ಚು ಮಾಡಿ. ಮಳೆ ಶುರುವಾದ್ಮೇಲೆ ತೋಡಿದ್ರೆ ಮಣ್ಣು ಕುಸಿಯುತ್ತೆ, ಹಂಗಾಗಿ ಅರ್ಜಿ ಈಗ್ಲೇ ಹಾಕಿಡಿ, ಶಿವರಾತ್ರಿ ಕಳೆದ ಕೂಡ್ಲೇ ಗುಂಡಿ ಕೆಲಸ ಹಿಡೀರಿ, ರಿಂಗ್ ಹಾಕೋರಿಗೆ ಆ ಟೈಮಲ್ಲಿ ಆರ್ಡರ್ ಜಾಸ್ತಿ ಇರುತ್ತೆ, ಮುಂಚೆನೇ ಹೇಳಿಡಿ.