ಸಿಟ್ಟು ಬೇರೆ, ಭಯ ಬೇರೆ: ಒಂದು ಆನ್‌ಲೈನ್ ಕೋರ್ಸ್ ಮುಗಿಸಿದ ಮೇಲೆ

ಚುನಾವಣೆ ಬಂತೆಂದರೆ ನಮ್ಮಣ್ಣನಿಗೂ ನನಗೂ ಜಗಳ ಶುರು. ಅವನು ಆವೇಶದಲ್ಲಿ ಓಟು ಹಾಕುತ್ತಾನೆ, ನಾನು ಯೋಚನೆ ಮಾಡಿ ಹಾಕುತ್ತೇನೆ ಅಂತ ನನ್ನ ಜಂಬ. ಅದನ್ನು ಸಾಬೀತು ಮಾಡೋಣ ಅಂತಲೇ ರಾಜಕೀಯ ಮತ್ತು ಭಾವನೆ ಕುರಿತ ಈ ಕೋರ್ಸ್‌ಗೆ ಸೇರಿದೆ. ಒಟ್ಟು ಎಂಟು ಪಾಠ. ಮೂರನೆಯದರಲ್ಲೇ ಜಂಬ ಇಳಿಯಿತು.

ಅದರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡ್ರೂ ವೆಸ್ಟೆನ್ ಅವರ ಪ್ರಯೋಗ ಬರುತ್ತದೆ. 2004ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಎರಡೂ ಪಕ್ಷಗಳ ಕಟ್ಟಾ ಬೆಂಬಲಿಗರನ್ನು ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಅಭ್ಯರ್ಥಿಗಳಾದ ಬುಷ್ ಮತ್ತು ಕೆರ್ರಿ ತಮ್ಮದೇ ಹಿಂದಿನ ಮಾತಿಗೆ ತಾಳೆಯಾಗದ ಮಾತಾಡಿದಂತೆ ತೋರಿಸಿದರು. ಎದುರಾಳಿಯ ಎಡವಟ್ಟು ಎಲ್ಲರಿಗೂ ಥಟ್ಟನೆ ಕಂಡಿತು. ತಮ್ಮವನದು ಅಷ್ಟಾಗಿ ಕಾಣಲಿಲ್ಲ. ಆಗ ಮಿದುಳಿನಲ್ಲಿ ಚುರುಕಾದದ್ದು ಭಾವನೆಗೆ ಸಂಬಂಧಿಸಿದ ಭಾಗಗಳು. ಇದನ್ನು ಕೇಳಿ ನಾನು ವಿಡಿಯೊ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಐದನೇ ಪಾಠಕ್ಕಾದರೂ ಈ ಕೋರ್ಸ್ ನೋಡಬೇಕು. ರಾಜ್ಯಶಾಸ್ತ್ರಜ್ಞ ಜಾರ್ಜ್ ಮಾರ್ಕಸ್ ಮತ್ತು ಜೊತೆಗಾರರ ವಾದ ಅದರಲ್ಲಿದೆ. ಆತಂಕವಾದಾಗ ಜನ ಹಳೇ ಚಾಳಿ ಬಿಟ್ಟು ಹೊಸ ಮಾಹಿತಿ ಹುಡುಕುತ್ತಾರಂತೆ. ಉತ್ಸಾಹ ಇದ್ದಾಗ ಮೊದಲಿದ್ದ ಕಡೆಗೇ ಇನ್ನೂ ಗಟ್ಟಿಯಾಗಿ ನಿಲ್ಲುತ್ತಾರೆ. ಸಿಟ್ಟು ಬಂದರೆ ಹುಡುಕಾಟವೇ ಕಡಿಮೆ. ನಾನು ಇಷ್ಟು ದಿನ ಭಯ, ಸಿಟ್ಟು ಎರಡನ್ನೂ ಒಂದೇ ಮೂಟೆಗೆ ಕಟ್ಟಿದ್ದೆ! ಭಯ ಹುಟ್ಟಿಸುವುದಕ್ಕೆ ಉದಾಹರಣೆಯಾಗಿ ಅಮೆರಿಕ ಅಧ್ಯಕ್ಷ ಲಿಂಡನ್ ಜಾನ್ಸನ್ ಪರವಾದ 1964ರ ಚುನಾವಣೆಯ ಟಿವಿ ಜಾಹೀರಾತನ್ನು ನಿಧಾನವಾಗಿ ಬಿಡಿಸಿ ತೋರಿಸುತ್ತಾರೆ. ಹೂವಿನ ಎಸಳು ಎಣಿಸುವ ಪುಟ್ಟ ಹುಡುಗಿ, ಆಮೇಲೆ ಅಣುಬಾಂಬ್ ಸ್ಫೋಟ. ಎದುರಾಳಿ ಗೋಲ್ಡ್‌ವಾಟರ್ ಹೆಸರೇ ಇಲ್ಲ. ದುಡ್ಡು ಕೊಟ್ಟು ಹಾಕಿಸಿದ್ದು ಒಂದೇ ಸಲ. ಆದರೂ ಇವತ್ತಿಗೂ ಅದರ ಮಾತು ನಿಂತಿಲ್ಲ.

ಬೇಜಾರು ತರಿಸಿದ್ದೂ ಇದೆ. ಭಾವನೆ ಬಗ್ಗೆ ಪಾಠ ಮಾಡುವ ಮೇಷ್ಟ್ರು ಎಂಟೂ ಪಾಠವನ್ನು ಒಂದೇ ದನಿಯಲ್ಲಿ ಓದುತ್ತಾರೆ. ಕ್ವಿಜ್‌ನಲ್ಲಿ ಬರೀ ಇಸವಿ ಕೇಳುತ್ತಾರೆ, ಏನು ಉಪಯೋಗ? ಭರವಸೆ, ಅವಮಾನ ಇವೆರಡನ್ನೂ ಕೊನೇ ಪಾಠದಲ್ಲಿ ಹತ್ತು ನಿಮಿಷಕ್ಕೆ ಮುಗಿಸಿಬಿಟ್ಟಿದ್ದಾರೆ. ಅವಮಾನಕ್ಕೇ ಒಂದು ಪೂರ್ತಿ ಪಾಠ ಬೇಕಿತ್ತು ಅಲ್ವಾ?

ನನ್ನ ಲೆಕ್ಕದಲ್ಲಿ 5ಕ್ಕೆ ಮೂರೂವರೆ. ಅಣ್ಣನಿಗೂ ಲಿಂಕ್ ಕಳಿಸಿದೆ. "ಇದು ನಿನಗೇ ಬೇಕಾಗಿತ್ತು ಬಿಡು" ಅಂದ. ಐದನೇ ಪಾಠವೆಲ್ಲ ಮರೆತುಹೋಗುವಷ್ಟು ಸಿಟ್ಟು ಬಂತು.