ಕಿನ್ನಾಳದ ಕಾಮಧೇನು: ಬಣ್ಣದ ಅಡಿಯ ಕೆಲಸ

ಕೊಪ್ಪಳದಿಂದ ಸುಮಾರು 13 ಕಿಲೋಮೀಟರ್ ದೂರದ ಕಿನ್ನಾಳಕ್ಕೆ ಹೋಗಿ, ಚಿತ್ರಗಾರರ ಮನೆಯೊಂದರಲ್ಲಿ ಗೇಣೆತ್ತರದ ಕಾಮಧೇನು ಗೊಂಬೆಯನ್ನು ಮಗಳಿಗೆಂದು ಕೊಂಡು ತಂದು ಎಂಟು ತಿಂಗಳಾಯಿತು. ಮಗು ಅದರೊಡನೆ ಆಡಿದ್ದನ್ನೂ ಗೊಂಬೆ ತಾಳಿಕೊಂಡದ್ದನ್ನೂ ನೋಡಿದ ಮೇಲೆ ಬರೆಯೋಣವೆಂದು ಇಷ್ಟು ದಿನ ಕಾದೆ.

ಹಸುವಿನ ಮೈ, ಹೆಣ್ಣಿನ ಮುಖ, ಎರಡು ರೆಕ್ಕೆ, ನವಿಲುಗರಿಯಂಥ ಬಾಲ. ಇಷ್ಟೆಲ್ಲ ಒಂದೇ ಮೈಯಲ್ಲಿ ಸೇರಿದರೂ ಎಲ್ಲಿಯೂ ಅಂಟಿಸಿದಂತೆ ಕಾಣುವುದಿಲ್ಲ. ಕೊರಳಿನ ಸರ, ಮೂಗುತಿ, ಹಣೆಯ ಪಟ್ಟಿಗಳು ಬಣ್ಣದಿಂದ ಬರೆದವಲ್ಲ. ಬೆರಳಾಡಿಸಿದರೆ ಉಬ್ಬಾಗಿ ಕೈಗೆ ತಾಗುತ್ತವೆ. ನನ್ನ ಮಗಳು ಗೊಂಬೆಯನ್ನು ಮೊದಲು ಮೆಚ್ಚಿದ್ದೇ ಹೀಗೆ, ಕಣ್ಣು ಮುಚ್ಚಿಕೊಂಡು ಸರದ ಮಣಿಗಳನ್ನು ಎಣಿಸುತ್ತಾ.

ಈ ಉಬ್ಬಿನ ಹಿಂದಿರುವ ಕೆಲಸವನ್ನು ತಿಳಿಯದೆ ಗೊಂಬೆಯ ಬೆಲೆ ಅರ್ಥವಾಗುವುದಿಲ್ಲ. ಪೊಳಕಿ ಎಂಬ ಹಗುರ ಮರದಲ್ಲಿ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿಮಾಡಿದ ಸೆಣಬಿನ ಚಿಂದಿಗೆ ಮರದ ಹೊಟ್ಟು ಮತ್ತು ಅದೇ ಅಂಟನ್ನು ಬೆರೆಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಅದನ್ನು ಕೈಯಿಂದಲೇ ಮೈತುಂಬ ಮೆತ್ತಿ, ಮೇಲೆ ಹತ್ತಿಯ ಬಟ್ಟೆಯ ಚೂರುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿ ಮತ್ತು ಗೋಂದಿನ ಲೇಪ ಕೊಡುತ್ತಾರೆ. ಆಭರಣಗಳು ಉಬ್ಬುವುದು ಇದೇ ಲೇಪದಿಂದ. ಬಣ್ಣದ ಸರದಿ ಬರುವುದು ಇಷ್ಟೂ ಮುಗಿದ ಮೇಲೆ.

ಇದನ್ನು ಮಾಡುವವರು ಬಡಿಗರೆನಿಸಿಕೊಳ್ಳದೆ ಚಿತ್ರಗಾರರೆನಿಸಿಕೊಂಡದ್ದೇಕೆ ಎಂಬುದು ನನಗೆ ಹೊಳೆದದ್ದು ಈ ಪದರಗಳನ್ನು ನೋಡಿದಾಗಲೇ. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ಇವರ ಪೂರ್ವಿಕರೆಂಬ ನಂಬಿಕೆ ಇಲ್ಲಿ ಬಲವಾಗಿದೆ. ಗಾರೆ ಮೆತ್ತಿ ಹದಗೊಳಿಸಿದ ಮೇಲೆ ಚಿತ್ರ ಬರೆಯುವ ಕ್ರಮವೇ ಗೊಂಬೆಯಲ್ಲಿಯೂ ಉಳಿದಿದೆ. ಇಲ್ಲಿ ಗೋಡೆಯ ಜಾಗದಲ್ಲಿ ಮರವಿದೆ, ಅಷ್ಟೇ. ವಿಜಯನಗರದ ಆಶ್ರಯ ಹೋದ ಮೇಲೆಯೂ ಈ ಕೈಗಳು ಗ್ರಾಮದೇವತೆಗಳ ಮೂರ್ತಿಗಳನ್ನು ಮಾಡುತ್ತಾ ಬದುಕಿದವು. ಕಿನ್ನಾಳದ ಗೊಂಬೆಗೆ ಈಗ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ.

ಚನ್ನಪಟ್ಟಣದ ಗೊಂಬೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಕೊಳ್ಳಬಾರದು. ಅದು ಚರಕಿಯಲ್ಲಿ ತಿರುಗಿಸಿ ಅರಗು ಹಿಡಿಸಿದ ಆಟಿಕೆ, ಹಸುಗೂಸಿನ ಕೈಗೂ ಕೊಡಬಹುದು. ಕಿನ್ನಾಳದ್ದಕ್ಕೆ ನೀರು ಸೋಕಬಾರದು, ಬಾಯಿಗಿಡುವ ಮಗುವಿಗೆ ಕೊಡಲೇಬಾರದು. ಮಾರುವಾಗಲೇ ಕಲಾವಿದರು, “ಒದ್ದಿ ಬಟ್ಟಿ ಹಚ್ಚಬ್ಯಾಡ್ರಿ ಯವ್ವಾ, ಒಣ ಅರಿವಿಯಿಂದ ಧೂಳಾ ಝಾಡ್ಸರಿ ಸಾಕು” ಎಂದು ಎರಡು ಸಲ ಹೇಳಿದ್ದರು. ಸ್ವಲ್ಪ ತಿಳಿವಳಿಕೆ ಬಂದ ಮಕ್ಕಳಿಗೆ ಮಾತ್ರ ಇದು ತಕ್ಕದ್ದು.

ಕೊರತೆಗಳನ್ನೂ ಹೇಳಬೇಕು. ಮೂರನೆಯ ತಿಂಗಳಿನಲ್ಲಿ ಒಂದು ಕೋಡು ಬುಡದಲ್ಲಿ ಸಡಿಲವಾಯಿತು. ಮರಳಿ ಒಯ್ದಾಗ ಅವರು ಹಣ ಕೇಳದೆ ಸರಿಮಾಡಿಕೊಟ್ಟರು, ಆದರೆ ಹೊಸ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದಿಲ್ಲ. ಇನ್ನು, ಮಾರುಕಟ್ಟೆಯ ಎಣ್ಣೆಬಣ್ಣ ಬಳಿದ ಗೊಂಬೆಗಳೂ ಅಲ್ಲಿದ್ದವು. ಅವುಗಳ ಹೊಳಪು ನನಗೆ ಒಗ್ಗಲಿಲ್ಲ. ಉಬ್ಬುಕೆಲಸದ ಸಣ್ಣ ಗೆರೆಗಳೆಲ್ಲ ಆ ದಪ್ಪ ಬಣ್ಣದಲ್ಲಿ ಮುಳುಗಿಹೋಗುತ್ತವೆ. ಲೋಹದ ಹಾಳೆಯಿಂದ ಮಿರುಗು ತರುವ ಹಳೆಯ ಲಾಜವಾರ ಪದ್ಧತಿಯ ಗೊಂಬೆಯನ್ನು ಕಣ್ಣಾರೆ ಕಾಣಬೇಕೆಂಬ ಆಸೆಯೂ ಈಡೇರಲಿಲ್ಲ.

ಕೊಳ್ಳುವವರು ಸಾಧ್ಯವಾದರೆ ಊರಿಗೇ ಹೋಗಲಿ, ಬಣ್ಣ ಹಚ್ಚದ ಗೊಂಬೆಯನ್ನು ತೋರಿಸಿ ಎಂದು ಕೇಳಲಿ. ಕಿಟ್ಟ ಸಮವಾಗಿ ಕೂತಿದೆಯೇ, ಜೋಡಣೆಯಲ್ಲಿ ಬಿರುಕಿದೆಯೇ ಎಂಬುದು ಆಗಲೇ ಕಾಣುತ್ತದೆ. ಬಣ್ಣ ಬಿದ್ದ ಮೇಲೆ ಎಲ್ಲವೂ ಚೆಂದವೇ. ನಾನು ಕೊಟ್ಟದ್ದು 1,600 ರೂಪಾಯಿ. ಕೆಲಸವನ್ನು ಕಂಡ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಕೋಡು ಸರಿಮಾಡಿಸಲು ಹೋದ ದಿನವೇ ದಸರೆಗೆ ಒಂದು ಗರುಡನನ್ನು ಮಾಡಿಕೊಡಲು ಹೇಳಿ ಬಂದಿದ್ದೇನೆ. ಅದಕ್ಕೆ 12 ಬಿಡಿಭಾಗಗಳನ್ನು ಕೆತ್ತಿ ಕೂಡಿಸಬೇಕಂತೆ; ಬಣ್ಣ ಹಚ್ಚುವ ಮೊದಲು ನಮ್ಮನ್ನು ಕರೆಯಲು ಅವರು ಒಪ್ಪಿದ್ದಾರೆ.